ರಾಗವ್ವ ಒಂದೇ ಸಲ ಕೇಳುತ್ತಿದ್ದರು

ಅಮ್ಮ ಸ್ಯಾನ್ ಡಿಯೇಗೋಗೆ ಬಂದ ಮೂರನೇ ದಿನಕ್ಕೇ ನನ್ನ ಅಡುಗೆಮನೆಯ ಡ್ರಾಯರುಗಳ ತಪಾಸಣೆ ಮುಗಿಸಿದಳು. ಕಡೆಯ ಡ್ರಾಯರಿನಿಂದ ಒಂದು ವಸ್ತುವನ್ನು ಎರಡೇ ಬೆರಳಲ್ಲಿ ಎತ್ತಿಕೊಂಡು ಹಾಲಿಗೆ ಬಂದು, ನನಗೂ ಲ್ಯಾಪ್‌ಟಾಪಿಗೂ ನಡುವೆ ಹಿಡಿದಳು.

"ಇದೇನೋ ಇದು? ಗಾರೆ ಕೆಲಸದವರ ಕರಣೆ ಅಡುಗೆಮನೇಲಿ ಯಾಕಿದೆ?"

ಅಮ್ಮನದು ತಪ್ಪಲ್ಲ. ನೋಡುವುದಕ್ಕೆ ಅದು ಕರಣೆಯೇ. ಮರದ ಹಿಡಿ, ಮುಂದೆ ಎಲೆಯ ಆಕಾರದ ಸ್ಟೀಲು. ಸ್ಟೀಲಿನ ನಡುವೆ ಮಾತ್ರ ಅಡ್ಡಕ್ಕೆ ಒಂದು ಸೀಳು, ಸೀಳಿನ ಅಂಚು ಹರಿತ. ಚೀಸಿನ ಗಟ್ಟಿಯ ಮೇಲಿಟ್ಟು ನಮ್ಮ ಕಡೆಗೆ ಎಳೆದುಕೊಂಡರೆ ಆ ಸೀಳಿನೊಳಗಿಂದ ಹಪ್ಪಳಕ್ಕಿಂತ ತೆಳ್ಳಗಿನ ಪದರವೊಂದು ಎದ್ದು ಬರುತ್ತದೆ. ನಾನು ಇಷ್ಟನ್ನು ವಿವರಿಸುವುದರೊಳಗೆ ಅಮ್ಮ ವಾಪಸು ಹೋಗಿ ಬಾಳೆಕಾಯಿಯೊಂದರ ಮೇಲೆ ಪ್ರಯೋಗ ಮಾಡಿಯೂ ಆಗಿತ್ತು.

"ಪರವಾಗಿಲ್ಲ ಕಣೋ. ಯಾರು ಕಂಡುಹಿಡಿದಿದ್ದು?"

"ನಾರ್ವೆಯವರು."

"ಅವರೂ ಚಿಪ್ಸ್ ಮಾಡ್ತಾರಾ?"

"ಇಲ್ಲಮ್ಮ, ಅದರಲ್ಲಿ ಚೀಸ್ ಕೊಯ್ತಾರೆ."

"ಪಾಪ," ಅಂದಳು ಅಮ್ಮ. ಇಷ್ಟು ಒಳ್ಳೆ ಸಾಮಾನಿದ್ದೂ ಬಾಳೆಕಾಯಿ ಕಾಣದವರ ಮೇಲೆ ಅವಳಿಗೆ ನಿಜವಾಗಿಯೂ ಮರುಕ ಹುಟ್ಟಿತ್ತು.

ಆ ಕರಣೆಯ ಮೂಲ ಒಡತಿಯ ಹೆಸರು ರಾಗ್ನಿಲ್. ಬರೆಯುವಾಗ ಅದಕ್ಕೆ ಇನ್ನೂ ಎರಡು ಅಕ್ಷರ ಜಾಸ್ತಿ ಇದೆ, ಕರೆಯುವಾಗ ನುಂಗಿಬಿಡುತ್ತಾರೆ. ನನ್ನ ರೂಮ್‌ಮೇಟ್ ಬಸವರಾಜ, ಅಂದರೆ ಧಾರವಾಡದ ನಮ್ಮ ಬಸ್ಯಾ, ಮೊದಲ ದಿನವೇ ಎಲ್ಲ ಅಕ್ಷರಗಳಿಗೂ ಕೈಮುಗಿದು "ರಾಗವ್ವ" ಮಾಡಿಬಿಟ್ಟ. ಎರಡು ಸಾವಿರದ ಹನ್ನೊಂದರಲ್ಲಿ ನಾವಿಬ್ಬರೂ ಲಾಸ್ ಏಂಜಲೀಸಿನ ನಾರ್ತ್‌ರಿಜ್‌ಗೆ ಎಂ.ಎಸ್. ಓದಲು ಬಂದಾಗ ರಾಗವ್ವನ ಹಿತ್ತಲಲ್ಲಿದ್ದ ಪುಟ್ಟ ಮನೆಯಲ್ಲಿ ಬಾಡಿಗೆಗಿದ್ದೆವು. ಅವರು ಮುಂದಿನ ದೊಡ್ಡ ಮನೆಯಲ್ಲಿ, ಒಬ್ಬರೇ. ನಾರ್ವೆಯ ಉತ್ತರದ ತುದಿಯ ಒಂದು ದ್ವೀಪದಲ್ಲಿ ಹುಟ್ಟಿ, ಹಡಗಿನ ಎಂಜಿನಿಯರ್ ಒಬ್ಬನನ್ನು ಮದುವೆಯಾಗಿ, ಅವನ ಹಿಂದೆ ಲಾಸ್ ಏಂಜಲೀಸಿನ ಬಂದರಿಗೆ ಬಂದು, ವರ್ಷಗಟ್ಟಲೆ ನರ್ಸ್ ಆಗಿ ದುಡಿದವರು. ಗಂಡ ತೀರಿಹೋಗಿದ್ದ. ನಾವು ಹೋದಾಗ ಎಪ್ಪತ್ತು ದಾಟಿತ್ತು.

ನಾನು ಅಭ್ಯಾಸಬಲದಿಂದ "ಆಂಟಿ" ಅಂದೆ.

"ನಾನು ನಿನ್ನ ಅತ್ತೆ ಅಲ್ಲ, ಚಿಕ್ಕಮ್ಮನೂ ಅಲ್ಲ. ರಾಗ್ನಿಲ್."

ಅವರ ದೇಶದಲ್ಲಿ ಮೇಷ್ಟರು, ಡಾಕ್ಟರು, ಮಂತ್ರಿ ಯಾರನ್ನಾದರೂ ಹೆಸರು ಹಿಡಿದೇ ಕರೆಯುತ್ತಾರಂತೆ. ನನ್ನ ಅಜ್ಜಿಯ ವಯಸ್ಸಿನವರನ್ನು ಹೆಸರು ಹಿಡಿದು ಕರೆಯಲು ಮತ್ತಿಕೆರೆಯಲ್ಲಿ ಬೆಳೆದ ನನ್ನ ನಾಲಿಗೆ ಹೊರಳಲಿಲ್ಲ. ಒಂದು ತಿಂಗಳು ಏನೂ ಕರೆಯದೆ, ಕೆಮ್ಮಿ ಗಮನ ಸೆಳೆದು ಕಾಲ ಹಾಕಿದೆ. ಅವರು ಕೆಮ್ಮಿನ ಔಷಧಿ ತಂದುಕೊಟ್ಟರು. ಇಲ್ಲಿ ನಾನು "ಅವರು" ಅಂತ ಬರೆಯುತ್ತಿರುವುದೂ ಅಮ್ಮ ಓದುತ್ತಾಳೆ ಅನ್ನುವ ಭಯಕ್ಕೆ. ರಾಗವ್ವನಿಗೆ ಗೊತ್ತಾದರೆ ಬಹುವಚನ ತೆಗೆಸಿಹಾಕುತ್ತಾರೆ.

ಇನ್ನು ನನ್ನ ವಿಷಯ ಸ್ವಲ್ಪ ಹೇಳಬೇಕು. ನಾನು ಕಂಡವರನ್ನೆಲ್ಲ ಅಣಕಿಸುವವನು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಾಕ್ಸಿ ಅಟೆಂಡೆನ್ಸ್ ಹೇಳಿ ಹೇಳಿ ಬಂದ ವಿದ್ಯೆ. ಒಂದೇ ಪೀರಿಯಡ್‌ನಲ್ಲಿ ಏಳು ಜನರ ದನಿಯಲ್ಲಿ "ಪ್ರೆಸೆಂಟ್ ಸರ್" ಅಂದ ದಾಖಲೆ ನನ್ನದು. ಎಂಟನೆಯವನಾಗಿ ನನ್ನ ಹೆಸರು ಕೂಗಿದಾಗ ನನ್ನ ಸ್ವಂತ ದನಿ ಯಾವುದೆಂದು ಮರೆತುಹೋಗಿ ಆಬ್ಸೆಂಟ್ ಬಿದ್ದಿದ್ದೂ ನಿಜ. ಇಂಥವನನ್ನು ರಾಗವ್ವನ ಹಿತ್ತಲಲ್ಲಿ ತಂದುಬಿಟ್ಟರೆ ಏನಾಗುತ್ತದೆ? ಸಕ್ಕರೆ ಡಬ್ಬಕ್ಕೆ ಇರುವೆ ಬಿಟ್ಟ ಹಾಗೆ ಆಗುತ್ತದೆ.

ಮೊದಲ ವಾರವೇ ಸಿಕ್ಕಿದ್ದು ಅವರ "ಹೌದು." ರಾಗವ್ವ ಸಿಂಕಿನ ಮುಂದೆ ನಿಂತು ಪಾತ್ರೆ ತೊಳೆಯುತ್ತಿದ್ದರು. ಬಸ್ಯಾ ಬಾಗಿಲಲ್ಲಿ ನಿಂತು, ಕಸದ ಡಬ್ಬ ಇವತ್ತೇ ಹೊರಗಿಡಬೇಕೇನು ಅಂತ ಕೇಳಿದ. ಅವರು ಸರಕ್ಕನೆ ಉಸಿರು ಒಳಗೆಳೆದುಕೊಂಡರು. ನಾವು ಬಿಸಿ ತಪ್ಪಲೆ ಮುಟ್ಟಿದಾಗ ಎಳೆದುಕೊಳ್ಳುತ್ತೇವಲ್ಲ, ಹಾಗೆ. ಬಸ್ಯಾ ಗಾಬರಿಯಿಂದ ಒಳಗೆ ಓಡಿದ.

"ಕೈ ಕೊಯ್ತೇನ್ರಿ?" ಅಂತ ಮೊದಲು ಧಾರವಾಡದಲ್ಲಿ ಕೇಳಿ, ಆಮೇಲೆ ಇಂಗ್ಲಿಷಿಗೆ ಬಂದ.

"ಇಲ್ಲ. ಹೌದು ಅಂದೆ," ಅಂದರು ರಾಗವ್ವ.

ಅವರ ಕಡೆ "ಯಾ" ಅನ್ನುವುದನ್ನು ಉಸಿರು ಹೊರಗೆ ಬಿಡುತ್ತಾ ಹೇಳುವುದು ಬಿಟ್ಟು, ಒಳಗೆ ಎಳೆದುಕೊಳ್ಳುತ್ತಾ ಹೇಳುವ ರೂಢಿ ಇದೆ. ಅರ್ಧ ಮಾತು, ಅರ್ಧ ಗಾಳಿ. ಜಗತ್ತೆಲ್ಲ ಮಾತನ್ನು ಹೊರಗೆ ಚೆಲ್ಲುವಾಗ ಇವರು ಒಪ್ಪಿಗೆಯನ್ನು ನುಂಗುತ್ತಾರೆ. ನಾನು ಆ ದಿನವೇ ಅದನ್ನು ಸಾಧನೆ ಮಾಡಲು ಕೂತೆ. ಮೂರು ದಿನ ಬಿಕ್ಕಳಿಕೆ ಬಂತು, ನಾಲ್ಕನೇ ದಿನ "ಯಾ" ಬಂತು.

ಎರಡನೆಯದು, ಒಂದೇ ಸಲ ಕೇಳುವುದು. ಮನೆಗೆ ಸಾಮಾನು ಸಾಗಿಸಿದ ದಿನ ಸುಸ್ತಾಗಿ ಅವರ ಅಡುಗೆಮನೆಯಲ್ಲಿ ಕೂತಿದ್ದೆವು. "ಕಾಫಿ?" ಅಂದರು. ನಾವಿಬ್ಬರೂ ಒಟ್ಟಿಗೆ, ಸುಸಂಸ್ಕೃತರಂತೆ, "ಅಯ್ಯೋ, ಬೇಡ ಬೇಡ" ಅಂದೆವು. ನಮ್ಮಲ್ಲಿ ಮೊದಲ "ಬೇಡ" ಅಂದರೆ ಮುನ್ನುಡಿ, ಎರಡನೆಯದು ಪೀಠಿಕೆ. ಪುಸ್ತಕ ಶುರುವಾಗುವುದೇ ಮೂರನೆಯದರಿಂದ. ರಾಗವ್ವ "ಸರಿ" ಅಂದು ತಮಗೊಬ್ಬರಿಗೇ ಬಗ್ಗಿಸಿಕೊಂಡು, ನಮ್ಮೆದುರೇ ಕೂತು, ನಿಧಾನವಾಗಿ ಕುಡಿದರು. ಕಾಫಿಯ ವಾಸನೆ ನಮ್ಮ ಮೂಗಿನ ಮುಂದೆ ಮೆರವಣಿಗೆ ಹೋಯಿತು.

ಹೊರಗೆ ಬಂದ ಮೇಲೆ, ಪ್ರಮೋದನಾದ ನನ್ನನ್ನು ಪಮ್ಯಾ ಮಾಡಿದ್ದ ಬಸ್ಯಾ ಅಂದ, "ಇನ್ನೊಮ್ಮೆ ಕೇಳ್ತಾರ ಅಂತ ಮಾಡಿದ್ನಲೇ ಪಮ್ಯಾ. ಕಪ್ಪು ತೊಳದ ಬೋರಲ ಇಟ್ಟೇಬಿಟ್ರು."

ಎಷ್ಟೋ ದಿನದ ಮೇಲೆ ಇದನ್ನು ನಾನು ಅವರಿಗೇ ಹೇಳಿ ನಕ್ಕೆ. ಅವರು ನಗಲಿಲ್ಲ. "ನೀನು ಬೇಡ ಅಂದೆ. ಮತ್ತೆ ಕೇಳಿದರೆ, ನಿನ್ನ ಮಾತನ್ನು ನಾನು ನಂಬಲಿಲ್ಲ ಅಂದ ಹಾಗಾಗುವುದಿಲ್ಲವಾ?" ಅಂದರು. ಹುಟ್ಟಿದಾಗಿನಿಂದ ನನ್ನ ಮಾತನ್ನು ಮೊದಲ ಸಲಕ್ಕೇ ನಂಬಿದವರು ಅವರೊಬ್ಬರೇ. ಹೆತ್ತ ತಾಯಿಯೂ ಜ್ವರ ಅಂದರೆ ಹಣೆ ಮುಟ್ಟಿ ನೋಡಿಯೇ ಒಪ್ಪುತ್ತಿದ್ದಳು.

ಅವರ ಪದ್ಧತಿಗಳನ್ನು ಎಷ್ಟು ಹೇಳಲಿ. ಮನೆಯೊಳಗೆ ಚಪ್ಪಲಿ ಹಾಕುವಂತಿಲ್ಲ. ಬಸ್ಯಾ ಬಾಗಿಲಾಚೆ ಸಾಲಾಗಿಟ್ಟ ಶೂಗಳನ್ನು ನೋಡಿ, "ಇವ್ರು ನಮ್ಮವ್ರೇಲೇ" ಎಂದು ತೀರ್ಪು ಕೊಟ್ಟಿದ್ದ. ಮಧ್ಯಾಹ್ನದ ಊಟ ಅಂದರೆ ಎರಡು ತುಂಡು ಬ್ರೆಡ್ಡು, ಮೇಲೆ ಒಂದೊಂದು ಪದರ ಚೀಸು, ಎರಡರ ನಡುವೆ ಒಂದಕ್ಕೊಂದು ಅಂಟದಿರಲೆಂದು ಅಳತೆಗೆ ಕತ್ತರಿಸಿದ ಕಾಗದ. ದಿನವೂ ಅದೇ. ನರ್ಸ್ ಆಗಿದ್ದಾಗಲೂ ಅದೇ, ರಿಟೈರಾಗಿ ಮನೆಯಲ್ಲಿರುವಾಗಲೂ ಅದೇ. ಬೆಳಿಗ್ಗೆ ಕಾಗದದಲ್ಲಿ ಕಟ್ಟಿಟ್ಟು, ಹನ್ನೊಂದೂವರೆಗೆ ಅದೇ ಮೇಜಿನ ಮೇಲೆ ಬಿಚ್ಚಿ ತಿನ್ನುತ್ತಿದ್ದರು. ಮನೆಯಲ್ಲೇ ಇರುವವರು ತಮಗೆ ತಾವೇ ಬುತ್ತಿ ಕಟ್ಟಿಕೊಳ್ಳುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಮೊದಮೊದಲು ನಗು ಬರುತ್ತಿತ್ತು. ಆಮೇಲೆ, ಇವತ್ತು ಏನು ಮಾಡೋಣ, ನಾಳೆ ಏನು ಮಾಡೋಣ ಅನ್ನುವುದರಲ್ಲೇ ನಾನೂ ಬಸ್ಯಾನೂ ದಿನಕ್ಕೆ ಒಂದು ಗಂಟೆ ಜಗಳವಾಡುತ್ತಿದ್ದುದನ್ನು ನೆನೆದರೆ, ಆ ಕಾಗದದ ಪೊಟ್ಟಣ ದೊಡ್ಡ ಸಾಧುಗಳ ಕಮಂಡಲದ ಹಾಗೆ ಕಾಣತೊಡಗಿತು.

ಮತ್ತೆ ಆ ಕಂದು ಚೀಸು. ಆಡಿನ ಹಾಲಿನದು, ಸೋಪಿನ ಬಿಲ್ಲೆಯಂತೆ ಚೌಕ, ಬೆಲ್ಲದ ಬಣ್ಣ. ಕರಣೆಯಿಂದ ಒಂದು ಪದರ ಎತ್ತಿ ಬಸ್ಯಾನ ಅಂಗೈ ಮೇಲಿಟ್ಟರು. ಅವನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. ಬಹಳ ಹೊತ್ತಾದ ಮೇಲೆ ಕಣ್ಣು ತೆರೆದು, "ನಮ್ಮೂರ ಪೇಡೆದಾಗ ಯಾರೋ ಉಪ್ಪು ಹಾಕ್ಯಾರಲೇ," ಅಂದ. ಬೈದನೋ ಹೊಗಳಿದನೋ ತಿಳಿಯಲಿಲ್ಲ. ಒಂದು ವಾರದಲ್ಲಿ ಅವನು ಚಪಾತಿಯಲ್ಲಿ ಸುತ್ತಿಕೊಂಡು ತಿನ್ನತೊಡಗಿದ. ರಾಗವ್ವನೂ ಆ ಚಪಾತಿ ರುಚಿ ನೋಡಿ, ಕಾಗದದಲ್ಲಿ ಕಟ್ಟಿಡಬಹುದು ಎಂದು ಸರ್ಟಿಫಿಕೇಟ್ ಕೊಟ್ಟರು.

ನಾರ್ತ್‌ರಿಜ್‌ನಲ್ಲಿ ಮಳೆ ಬರುವುದು ವರ್ಷಕ್ಕೆ ನಾಲ್ಕೋ ಐದೋ ದಿನ. ಆ ದಿನ ಎಲ್ಲರೂ ಕಾರಿನೊಳಗೆ ಅಡಗಿಕೊಂಡರೆ, ರಾಗವ್ವ ಹಳದಿ ರೇನ್‌ಕೋಟು ಏರಿಸಿಕೊಂಡು ಮದುವೆಮನೆಗೆ ಹೊರಟವರಂತೆ ವಾಕಿಂಗ್ ಹೊರಡುತ್ತಿದ್ದರು. ಅವರ ಊರಿನಲ್ಲಿ ಕೂಸುಗಳನ್ನು ಹಗಲು ಹೊತ್ತು ತಳ್ಳುಗಾಡಿಯಲ್ಲಿ ಬೆಚ್ಚಗೆ ಹೊದಿಸಿ ಮನೆಯ ಹೊರಗೆ ಹಿಮದ ಚಳಿಯಲ್ಲೇ ಮಲಗಿಸುತ್ತಾರಂತೆ, ಚೆನ್ನಾಗಿ ನಿದ್ದೆ ಬರಲಿ ಅಂತ. ಇದನ್ನು ಫೋನಿನಲ್ಲಿ ಅಮ್ಮನಿಗೆ ಹೇಳಿದಾಗ ಅವಳು ಆ ಮನೆ ಕೂಡಲೇ ಖಾಲಿ ಮಾಡು ಅಂದಿದ್ದಳು.

ಇಷ್ಟೆಲ್ಲ ಸರಕು ಸಿಕ್ಕಮೇಲೆ ನಾನು ಸುಮ್ಮನಿರುತ್ತೇನೆಯೇ? ಡೈಮಂಡ್ ಬಾರ್ ಅನ್ನುವ ಊರಿನಲ್ಲಿ ಶ್ರೀನಿವಾಸ್ ಅಂಕಲ್ ಮತ್ತು ಗೀತಾ ಆಂಟಿ ಅಂತ ಇದ್ದರು. ಓದುವ ಹುಡುಗರಿಗೆ ತಿಂಗಳಿಗೊಂದು ಭಾನುವಾರ ಊಟ ಹಾಕುವ ಪುಣ್ಯವಂತರು. ಊಟದ ಋಣಕ್ಕೆ ನನ್ನ ಐಟಂ "ರಾಗವ್ವ." ಒಂದು ಸಲ ಕೇಳಿ ಕಾಫಿ ತಾನೇ ಕುಡಿಯುವುದು, ಬುತ್ತಿ ಬಿಚ್ಚುವುದು, ನಡುನಡುವೆ ಒಳಗೆಳೆದುಕೊಳ್ಳುವ "ಯಾ." ಗೀತಾ ಆಂಟಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಮುಂದಿನ ತಿಂಗಳು ಹೋದಾಗ ಅಂಕಲ್ ದೂರಿದರು: "ಏನಪ್ಪಾ ಪ್ರಮೋದ, ಏನು ಕೇಳಿದರೂ ಇವಳು ಮೆಣಸಿನಕಾಯಿ ಕಚ್ಚಿದವಳ ಥರ ಉಸಿರೆಳ್ಕೋತಾಳೆ."

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಿಲ್ಲಿಸಲಿಲ್ಲ.

ಓವನ್ ಬೇಕಾದರೆ ಬಳಸಿಕೊಳ್ಳಿ ಎಂದು ರಾಗವ್ವ ನಮಗೆ ತಮ್ಮ ಮನೆಯ ಒಂದು ಕೀ ಕೊಟ್ಟಿದ್ದರು. ಅಡುಗೆಮನೆಯ ಗೋಡೆಯಲ್ಲಿ ಸುರುಳಿ ವೈರಿನ ಹಳೇ ಫೋನು. ಅವರು ವಾಕಿಂಗ್ ಹೋದ ಹೊತ್ತಲ್ಲಿ ನಾನು ಆ ಫೋನಿನಿಂದ ಹಿಂದಿನ ಮನೆಯಲ್ಲಿದ್ದ ಬಸ್ಯಾನಿಗೆ ಅವರ ದನಿಯಲ್ಲಿ ಫೋನ್ ಮಾಡುತ್ತಿದ್ದೆ. "ಬಸವರಾಜ್, ನನ್ನ ಚೀಸಿನ ಕರಣೆಯಲ್ಲಿ ಗೆಣಸು ಕೊಯ್ದೆಯಾ?" ನಂಬರು ಅವರದೇ, ದನಿ ಅವರದೇ. ಬಸ್ಯಾ ಎರಡು ಸಲ ಅಂಗಿ ಸರಿಮಾಡಿಕೊಂಡು, ಕ್ಷಮೆ ಕೇಳುವ ಮುಖದಲ್ಲಿ ಓಡಿಬಂದ. ಮೂರನೇ ಸಲ ಬರಲಿಲ್ಲ. ಫೋನಿನಲ್ಲೇ ಅಚ್ಚ ಧಾರವಾಡದಲ್ಲಿ ನನ್ನ ವಂಶದ ಉದ್ದಗಲ ಅಳೆದ. ನಾನು "ಯಾ" ಅಂದೆ. ಅಲ್ಲಿಂದ ಅದು ನಮ್ಮ ಆಟವಾಯಿತು.

ಮಾರ್ಚಿ ತಿಂಗಳ ಒಂದು ಶನಿವಾರ. ಬೆಳಿಗ್ಗೆ ನಾನು ರಾಗವ್ವನ ಓವನ್‌ನಲ್ಲಿ ಏನೋ ಬೇಯಿಸುತ್ತೇನೆ ಅಂತ ಬಸ್ಯಾನಿಗೆ ಹೇಳಿ ಮನೆಯಿಂದ ಹೊರಟವನು, ಮನಸ್ಸು ಬದಲಾಯಿಸಿ, ಶೂ ಕೊಳ್ಳಲು ಬಸ್ಸು ಹತ್ತಿ ಗ್ಲೆಂಡೇಲ್‌ಗೆ ಹೋಗಿಬಿಟ್ಟೆ. ವಾಪಸು ಬಂದಾಗ ಮಧ್ಯಾಹ್ನ ಒಂದೂವರೆ. ಬಸ್ಯಾ ಜಳಕ ಮುಗಿಸಿ ಹಾಸಿಗೆಯ ಮೇಲೆ ಬಿದ್ದುಕೊಂಡಿದ್ದ.

"ಇವತ್ತ ದನಿ ಭಾಳ ಛಲೋ ತಗದಿದ್ದಿ ಬಿಡಲೇ," ಅಂದ.

"ಯಾವ ದನಿ?"

"ಮುಂಜಾನೆ ಹನ್ನೊಂದಕ್ಕ. ನೆಲದ ಮ್ಯಾಲ ಕುಂತೀನಿ, ಏಳ್ಲಿಕ್ಕೆ ಸ್ವಲ್ಪ ತ್ರಾಸ ಆಗ್ಯಾದ, ಟೈಮ್ ಇದ್ರ ಬಾ, ಅವಸರ ಏನಿಲ್ಲ ಅಂದಿ. ಅಗದೀ ರಾಗವ್ವನಽ."

"ಬಸ್ಯಾ, ನಾನು ಗ್ಲೆಂಡೇಲ್‌ನಲ್ಲಿದ್ದೆ ಕಣೋ."

ಅವನು ನನ್ನ ಕೈಯಲ್ಲಿದ್ದ ಹೊಸ ಶೂಗಳ ಚೀಲ ನೋಡಿದ. ಮುಖದ ಬಣ್ಣ ಇಳಿಯಿತು. ಹಿತ್ತಲು ದಾಟಲು ನಮಗೆ ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಕೀ ಹಾಕಲು ಹೋಗಿ ಮಾತ್ರ ಮೂರು ಸಲ ತಪ್ಪಿದೆ.

ರಾಗವ್ವ ಅಡುಗೆಮನೆಯ ನೆಲದ ಮೇಲೆ ಬೀರುವಿಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ಉರುಳಿದ ಸ್ಟೂಲು, ಮೇಲಿಂದ ಅರ್ಧ ಕಳಚಿ ಜೋತುಬಿದ್ದ ಕಿಟಕಿಯ ಪರದೆ. ವಸಂತ ಬಂತೆಂದು ಪರದೆ ಒಗೆಯಲು ಹೊರಟಿದ್ದರು. ಎಳೆದು ಬೀಳಿಸಿಕೊಂಡ ಫೋನು ಕೈಯಳತೆಯಲ್ಲಿತ್ತು. ಬಲಗಾಲಿನ ಗಂಟು ಸೋರೆಕಾಯಿಯಂತೆ ಊದಿಕೊಂಡಿತ್ತು. ಕೈಗೆ ಸಿಕ್ಕಿದ ಪೇಪರಿನಲ್ಲಿ ಪದಬಂಧ ಬಿಡಿಸುತ್ತಿದ್ದರು. ತುಂಬಿಸುವುದಕ್ಕೆ ಇನ್ನು ಎರಡೇ ಸಾಲು ಉಳಿದಿತ್ತು.

"ಬಂದಿರಾ. ಒಳ್ಳೆಯದಾಯಿತು," ಅಂದರು. ಆಮೇಲೆ ಬಸ್ಯಾನ ಕಾಲು ನೋಡಿ, "ಬಸವರಾಜ್, ಚಪ್ಪಲಿ."

ಬಸ್ಯಾ ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬಂದ. ಬಂದು ಅವರ ಪಕ್ಕ ನೆಲದ ಮೇಲೆ ಕೂತು ಅಳತೊಡಗಿದ. ಅವರು ಅವನ ಬೆನ್ನು ತಟ್ಟುತ್ತಾ, ತಮ್ಮ ಕಾಲಿಗೆ ಏನೂ ಅಷ್ಟಾಗಿಲ್ಲವೆಂದು ಸಮಾಧಾನ ಹೇಳಿದರು. ಆಂಬುಲೆನ್ಸ್ ಕರೆಯಬೇಕಿತ್ತಲ್ಲ ಅಂದರೆ, ಅದು ನಿಜವಾಗಿ ಪೆಟ್ಟಾದವರಿಗೆ ಅಂದರು. ಬಸ್ಯಾನ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನೋವು ಒಂದರಿಂದ ಹತ್ತರೊಳಗೆ ಎಷ್ಟಿದೆ ಅಂತ ಅಲ್ಲಿ ಕೇಳಿದರು. ರಾಗವ್ವ ಪ್ರಾಮಾಣಿಕವಾಗಿ ಯೋಚಿಸಿ, "ಮೂರು ಇರಬಹುದು" ಅಂದರು. ಎಕ್ಸ್‌ರೇಯಲ್ಲಿ ಮೂಳೆ ಎರಡು ಕಡೆ ಮುರಿದಿತ್ತು. ಡಾಕ್ಟರು ಎಕ್ಸ್‌ರೇ ನೋಡಿದರು, ಇವರ ಮುಖ ನೋಡಿದರು, ಮತ್ತೆ ಎಕ್ಸ್‌ರೇ ನೋಡಿದರು.

ಎರಡೂವರೆ ಗಂಟೆ ಆ ತಣ್ಣನೆಯ ನೆಲದ ಮೇಲೆ ಅವರು ಯಾಕೆ ಕೂತಿರಬೇಕಾಯಿತು ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ನಾವಿಬ್ಬರೇ. ಹೇಳದಿದ್ದರೂ ನಡೆಯುತ್ತಿತ್ತು. ಬಸ್ಯಾ ತಾನು ಹೇಳುತ್ತೇನೆ ಅಂತ ಹೊರಟ. ಆದರೆ ಫೋನ್ ಇಟ್ಟವನು ಅವನಾದರೂ, ಆ ಫೋನನ್ನು ಸುಳ್ಳು ಮಾಡಿದವನು ನಾನು. ಮಾರನೇ ದಿನ ಬೆಳಿಗ್ಗೆ ತಿಳಿಸಾರು ಅನ್ನದ ಡಬ್ಬಿ ಹಿಡಿದುಕೊಂಡು ಹೋಗಿ, ಸೋಫಾದ ಮೇಲೆ ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು ಕೂತಿದ್ದ ರಾಗವ್ವನ ಎದುರು ನಿಂತು, ಎಲ್ಲ ಹೇಳಿದೆ. ಪ್ರಾಕ್ಸಿಯಿಂದ ಹಿಡಿದು ಡೈಮಂಡ್ ಬಾರ್‌ವರೆಗೆ. ಅವರದೇ ಫೋನು, ಅವರದೇ ದನಿ. ಹೇಳುವಾಗ ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಯಾರದನ್ನೂ ಹೋಲುತ್ತಿರಲಿಲ್ಲ.

ಅವರು ಕಿಟಕಿಯ ಕಡೆ ನೋಡುತ್ತಾ ಕೇಳಿಸಿಕೊಂಡರು.

"ನೀವು ಇನ್ನೊಂದು ಸಲ ಯಾಕೆ ಫೋನ್ ಮಾಡಲಿಲ್ಲ?" ಅಂದೆ. ಅದು ತಪ್ಪನ್ನು ಸ್ವಲ್ಪ ಅವರ ಕಡೆಗೂ ಸರಿಸುವ ಆಸೆಯೇನೋ, ಈಗ ಅನ್ನಿಸುತ್ತದೆ.

"ಒಂದು ಸಲ ಕೇಳಿದ್ದೆನಲ್ಲ," ಅಂದರು. "ಅವನು ಬರುತ್ತೇನೆ ಅಂದಿರಬೇಕು."

"ಅವನು ಕನ್ನಡದಲ್ಲಿ ಮಾತಾಡಿದ."

"ಹೌದು. ಅರ್ಥವಾಗಲಿಲ್ಲ. ಆದರೆ ತುಂಬಾ ಹೊತ್ತು ಮಾತಾಡಿದ, ದನಿ ಮೆತ್ತಗಿತ್ತು. ಏನೋ ಧೈರ್ಯ ಹೇಳುತ್ತಿದ್ದಾನೆ ಅಂದುಕೊಂಡೆ. ಆಮೇಲೆ ಅಷ್ಟು ಭಯ ಆಗಲಿಲ್ಲ."

ಬಸ್ಯಾ ಫೋನಿನಲ್ಲಿ ನಿಜಕ್ಕೂ ಹೇಳಿದ್ದು, "ಆತ್ರೆವ್ವಾ, ಅಲ್ಲೇ ಕುಂದರ್ರಿ, ನಾ ಅವಲಕ್ಕಿ ತಿಂದು, ಜಳಕಾ ಮಾಡಿ, ಒಂದ್ ನಿದ್ದಿ ತಗದು ಬರ್ತೀನಿ, ನೀವೇನ ಏಳಬ್ಯಾಡ್ರಿ ಮತ್ತ." ರಾಗವ್ವ ಅದಕ್ಕೆ ಏನು ಅರ್ಥ ಹಚ್ಚಿಕೊಂಡಿದ್ದರು ಅನ್ನುವುದನ್ನು ನಾನು ಬಸ್ಯಾನಿಗೆ ಇವತ್ತಿನವರೆಗೂ ಹೇಳಿಲ್ಲ. ಹೇಳುವ ಧೈರ್ಯ ಬರಲಿಲ್ಲ. ಅವನು ಇದನ್ನು ಓದಿದರೆ ಇಲ್ಲೇ ಗೊತ್ತಾಗಲಿ.

ಆಮೇಲೆ ಅವರು, "ನನ್ನ ಹಾಗೆ ಮಾಡಿ ತೋರಿಸು" ಅಂದರು.

"ಬೇಡ, ಆಗಲ್ಲ" ಅಂದೆ.

"ಸರಿ," ಅಂದರು ರಾಗವ್ವ. ಒಂದೇ ಸಲ ಕೇಳುವವರಲ್ಲವೇ. ಮುಗಿಯಿತು.

ಅಲ್ಲಿಂದ ಒಂದು ತಿಂಗಳು ನಾನು ಯಾರನ್ನೂ ಅಣಕಿಸಲಿಲ್ಲ. ಬಯಸಿ ಬಿಟ್ಟಿದ್ದಲ್ಲ, ಬರಲಿಲ್ಲ. ಬಸ್ಯಾ ಸಂಕಟಪಟ್ಟು, "ಬೇಕಾದ್ರ ನನ್ನ ದನಿ ತಗೀಲೇ, ನಾ ಏನೂ ಅನ್ನಂಗಿಲ್ಲ" ಅಂದ. ಅದೂ ಬರಲಿಲ್ಲ. ರಾಗವ್ವ ಮೊದಲಿನ ಹಾಗೇ ಇದ್ದರು. ಸಿಟ್ಟಿಲ್ಲ, ಹೆಚ್ಚಿನ ಮಾತಿಲ್ಲ. ಆದರೆ ಅವರು ಮೊದಲೂ ಹೆಚ್ಚು ಮಾತಾಡಿದವರಲ್ಲ. ಹಾಗಾಗಿ ಆ ಮೌನ ಹಳೆಯದೋ ಹೊಸದೋ ನನಗೆ ಬಗೆಹರಿಯದೆ ಕಂಗಾಲಾಗಿದ್ದೆ. ಬೈದಿದ್ದರೆ ಲೆಕ್ಕ ಚುಕ್ತಾ ಆಗುತ್ತಿತ್ತು. ನಮ್ಮವರು ಎಷ್ಟು ಉಪಕಾರಿಗಳು ನೋಡಿ, ಬೈದು ಮುಗಿಸುತ್ತಾರೆ.

ಪ್ರತಿ ವಸಂತದಲ್ಲೂ ರಾಗವ್ವ ಹಿತ್ತಲು ಹಸನು ಮಾಡುತ್ತಿದ್ದರು. ಅವರ ಊರಿನಲ್ಲಿ ಅದಕ್ಕೊಂದು ಏರ್ಪಾಡಿದೆಯಂತೆ, ದುಗ್ನಾಡ್ ಅಂತ ಹೆಸರು. ಒಂದು ಶನಿವಾರ ಬೀದಿಯವರೆಲ್ಲ ಸೇರಿ ಎಲೆ ಗುಡಿಸಿ, ಬೇಲಿಗೆ ಬಣ್ಣ ಬಳಿದು, ಕೊನೆಗೆ ಕೂತು ತಿನ್ನುತ್ತಾರೆ. ಡಾಕ್ಟರೂ ಸೈ, ಡ್ರೈವರೂ ಸೈ, ಯಾರಿಗೂ ಕೂಲಿಯಿಲ್ಲ. ಬಸ್ಯಾ ಇದನ್ನು ಕೇಳಿದಾಗಲೇ, "ನಮ್ಮೂರ ಹೊಲದಾಗಿನ ಮುಯ್ಯಾಳು" ಅಂದಿದ್ದ. ಈ ಸಲ ಪ್ಲಾಸ್ಟರಿನ ಕಾಲಲ್ಲಿ ಅವರು ಏನು ಮಾಡಿಯಾರು? ನಾನು ಡೈಮಂಡ್ ಬಾರ್‌ಗೆ ಫೋನ್ ಮಾಡಿದೆ. ಶ್ರೀನಿವಾಸ್ ಅಂಕಲ್, ಗೀತಾ ಆಂಟಿ, ಕ್ಲಾಸಿನ ನಾಲ್ಕು ಹುಡುಗರು ಬಂದರು. ಅಂಕಲ್ ಬೇಲಿಗೆ ಬ್ರಶ್ ತಾಗಿಸುವ ಮುಂಚೆ, ಬಣ್ಣ ಬಳಿಯುವ ಸರಿಯಾದ ವಿಧಾನದ ಬಗ್ಗೆ ಮುಕ್ಕಾಲು ಗಂಟೆ ಚರ್ಚೆ ನಡೆಸಿದರು. ಕುರ್ಚಿಯಲ್ಲಿ ಕೂತಿದ್ದ ರಾಗವ್ವ ನನ್ನನ್ನು ಕರೆದು, "ಇವರು ಯಾವಾಗ ಶುರು ಮಾಡುತ್ತಾರೆ?" ಅಂತ ಕೇಳಿದರು. "ಶುರು ಮಾಡಿ ಆಗಿದೆ, ನಮ್ಮಲ್ಲಿ ಇದು ಮೊದಲನೇ ಕೋಟು" ಅಂದೆ. ತುಟಿಯ ಅಂಚು ಸ್ವಲ್ಪ ಅಲುಗಿದ ಹಾಗಾಯಿತು.

ಕೆಲಸ ಮುಗಿದ ಮೇಲೆ ದೋಸೆಯ ಕಾವಲಿಗೆ ಅಣ್ಣನಂತಿರುವ ಅಚ್ಚಿನಲ್ಲಿ ಬಸ್ಯಾ ವಾಫಲ್ ಹುಯ್ದ. ಹೃದಯದ ಆಕಾರದವು, ಮೇಲೆ ಜಾಮು, ಕಂದು ಚೀಸು. ರಾಗವ್ವ ಗೀತಾ ಆಂಟಿಯನ್ನು "ಕಾಫಿ?" ಅಂತ ಕೇಳಿದರು. ಆಂಟಿ, ಪಾಪ, ಯಾವ ದುರುದ್ದೇಶವೂ ಇಲ್ಲದೆ, ತಿಂಗಳುಗಳಿಂದ ಮೈಗೂಡಿದ ಅಭ್ಯಾಸದಂತೆ ಉಸಿರು ಒಳಗೆಳೆದುಕೊಂಡು "ಯಾ" ಅಂದುಬಿಟ್ಟರು.

ಅಂಕಲ್ ವಾಫಲನ್ನು ಬಾಯಿಯ ಹತ್ತಿರವೇ ಹಿಡಿದು ನಿಂತರು. ನಾನು ನೆಲ ನೋಡಿದೆ.

ರಾಗವ್ವ ಆಂಟಿಯನ್ನು, ಅವರ ರೇಷ್ಮೆಯಂಚಿನ ಸೀರೆಯನ್ನು, ಕುಂಕುಮವನ್ನು ಬಹಳ ಹೊತ್ತು ನೋಡಿ ನನ್ನತ್ತ ತಿರುಗಿದರು.

"ಇವರು ನಮ್ಮ ದ್ವೀಪದವರಾ?"

ಮೊದಲು ನಕ್ಕವರು ಅಂಕಲ್. ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ.

ತಟ್ಟೆಯಲ್ಲಿ ಕೊನೆಗೆ ಒಂದು ವಾಫಲ್ ಉಳಿಯಿತು. ಅದನ್ನು ಯಾರೂ ಮುಟ್ಟುತ್ತಿಲ್ಲ. ಕೊನೆಯ ತುಂಡಿಗೆ ಕೈ ಹಾಕುವುದು ರಾಗವ್ವನ ದೇಶದಲ್ಲೂ ನಾಚಿಕೆಯ ವಿಷಯವಂತೆ. "ಯಾರಿಗೆ ಬೇಕು?" ಅಂದರು. ಎಲ್ಲರೂ ಬೇಡ ಅಂದೆವು. ಎರಡನೇ ಸಲ ಕೇಳುವವರಲ್ಲ, ಇನ್ನು ಅದು ಫ್ರಿಜ್ಜಿಗೆ ಎಂದುಕೊಂಡೆ. ಅವರು ಬಸ್ಯಾನ ಮುಖವನ್ನೇ ನೋಡುತ್ತಾ, ತಡೆದು, "ಬಸವರಾಜ್, ಬೇಕಾ?" ಅಂದರು. ಬಸ್ಯಾ ಬೇಡವೆಂದು ತಲೆಯಾಡಿಸಿದ. "ಬೇಕಾ?" ಅಂದರು ಇನ್ನೊಂದು ಸಲ. ಬಸ್ಯಾನ ಕೈ ತಾನಾಗಿ ತಟ್ಟೆಗೆ ಹೋಯಿತು.

"ಓ," ಅಂದರು ರಾಗವ್ವ. ಮಾಂಸ, ಮೂಳೆ, ನಾಡಿ ಎಲ್ಲ ಬಲ್ಲ ನರ್ಸಮ್ಮನಿಗೆ ಮನುಷ್ಯರೊಳಗಿನ ಹೊಸದೊಂದು ಭಾಗ ಕಂಡಂತಿತ್ತು ಮುಖ.

ಮತ್ತೆ ನನ್ನ ಕಡೆ ತಿರುಗಿದರು. "ಪ್ರಮೋದ್. ನನ್ನ ಹಾಗೆ ಮಾಡಿ ತೋರಿಸು."

"ಬೇಡ," ಅಂದೆ.

"ತೋರಿಸು."

ಆಗಲೇ ಹೇಳಿದೆನಲ್ಲ, ನಾನು ಬೇಡ ಅಂದದ್ದನ್ನು ನಂಬಿದವರು ಜಗತ್ತಿನಲ್ಲಿ ಅವರೊಬ್ಬರೇ. ಅವರೇ ನಂಬದೆ ಮತ್ತೆ ಕೇಳುತ್ತಿದ್ದಾರೆ ಅಂದರೆ ಅದು ಸಣ್ಣ ಮಾತಲ್ಲ. ಎದ್ದು ನಿಂತೆ. ಮೆರೆಸಿ ಮಾಡಲಿಲ್ಲ. ಕಾಗದ ಬಿಚ್ಚುವ ಹಾಗೆ ಬಿಚ್ಚಿದೆ, ಕಿಟಕಿಯ ಕಡೆ ನೋಡಿದೆ, ಉಸಿರು ಒಳಗೆಳೆದುಕೊಂಡು "ಯಾ" ಅಂದೆ.

ರಾಗವ್ವ ಪರೀಕ್ಷಕರಂತೆ ತಲೆ ವಾರೆ ಮಾಡಿದರು. "ಅಷ್ಟು ಜೋರಾಗಿ ಅಲ್ಲ. ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳಿಸಬೇಕು."

ಎರಡನೇ ಸಲ ಮಾಡಿದೆ. ಮೂರನೇ ಸಲಕ್ಕೆ ಪಾಸು ಮಾಡಿದರು. ಅವತ್ತು ಸಂಜೆ ಗೋಡೆಯ ಫೋನಿನ ಪಕ್ಕ ಒಂದು ಚೀಟಿ ಅಂಟಿತು. ಅವರ ದುಂಡನೆಯ ಕೈಬರಹ: "ಮೂರು ಸಲ ಕೇಳು." ಯಾರಿಗೆ ಹೇಳಿದ್ದು ಅಂತ ನಾನು ಕೇಳಲಿಲ್ಲ.

ಓದು ಮುಗಿಸಿ ನಾನು ಸ್ಯಾನ್ ಡಿಯೇಗೋಗೆ ಹೊರಟ ದಿನ ಆ ಕರಣೆಯನ್ನು ಪೇಪರಿನಲ್ಲಿ ಸುತ್ತಿ ಕೈಗಿಟ್ಟರು. ಅದರ ನಡುವೆಯೂ ಅಳತೆಗೆ ಕತ್ತರಿಸಿದ ಕಾಗದ ಇತ್ತು, ಯಾವುದಕ್ಕೆ ಯಾವುದು ಅಂಟದಿರಲೆಂದೋ. ಈಗ ಅವರಿಗೆ ಎಂಬತ್ತರ ಹತ್ತಿರ. ಪ್ರತಿ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ನಾನು ಫೋನ್ ಮಾಡುತ್ತೇನೆ. ಆ ಹೊತ್ತನ್ನು ನಾನೇ ಆರಿಸಿಕೊಂಡದ್ದು.

ನಿನ್ನೆಯೂ ಶನಿವಾರ. ಅಮ್ಮ ಒಲೆಯ ಮುಂದೆ ಎಣ್ಣೆ ಕಾಯಿಸುತ್ತಿದ್ದಳು. ನಾನು ಒಂದು ಕೈಯಲ್ಲಿ ಕರಣೆ ಹಿಡಿದು ಬಾಳೆಕಾಯಿ ಕೊಯ್ಯುತ್ತಾ, ಫೋನನ್ನು ಕಿವಿಗೂ ಭುಜಕ್ಕೂ ಸಿಕ್ಕಿಸಿಕೊಂಡಿದ್ದೆ.

"ಹೇಗಿದ್ದೀರಿ?"

"ಚೆನ್ನಾಗಿದ್ದೇನೆ."

"ಚೆನ್ನಾಗಿದ್ದೀರಾ?"

"ಚೆನ್ನಾಗಿದ್ದೇನೆ."

"ನಿಜವಾಗಿ?"

"ಮಂಡಿ ಸ್ವಲ್ಪ ನೋಯುತ್ತದೆ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಳ್ಳುತ್ತೇನೆ."

ಅಂದರೆ ನಮ್ಮ ಲೆಕ್ಕದಲ್ಲಿ ನೋವು ಹತ್ತಕ್ಕೆ ಏಳು. ಬರುವ ವಾರ ಅಮ್ಮನನ್ನು ಕರೆದುಕೊಂಡು ನಾರ್ತ್‌ರಿಜ್‌ಗೆ ಡ್ರೈವ್ ಮಾಡಬೇಕು ಅಂತ ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ.

"ನೀನು ಹೇಗಿದ್ದೀಯ?" ಅಂದರು.

"ಚೆನ್ನಾಗಿದ್ದೀನಿ."

ಹೊಸ ಕೆಲಸ ಹೋಗುವ ಹಾಗಿದೆ ಅನ್ನುವುದನ್ನು ಅಮ್ಮನಿಗೂ ಹೇಳಿರಲಿಲ್ಲ. ರಾಗವ್ವ ಇನ್ನು ಫೋನ್ ಇಡುತ್ತಾರೆ ಅಂದುಕೊಂಡೆ. ಇಡಲಿಲ್ಲ.

"ಚೆನ್ನಾಗಿದ್ದೀಯಾ?"

"ಹೂಂ."

"ಪ್ರಮೋದ್," ಅಂದರು, ಆತುರವಿಲ್ಲದೆ. "ಚೆನ್ನಾಗಿದ್ದೀಯಾ?"

ನಾನು ಏನೋ ಹೇಳಲು ಹೋದೆ. ಮಾತು ಹೊರಗೆ ಬರುವ ಬದಲು ಉಸಿರಿನ ಜೊತೆ ಒಳಕ್ಕೆ ಹೋಯಿತು. ಅಣಕಿಸಿದ್ದಲ್ಲ, ಅದು ತಾನಾಗಿ ಆದದ್ದು. ಆ ಕಡೆ ಅವರೂ ಹಾಗೇ ಒಂದು ಉಸಿರು ಒಳಗೆಳೆದುಕೊಂಡರು. ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳಿಸುವಷ್ಟು.

ಅಮ್ಮ ಒಲೆ ಸಣ್ಣಗೆ ಮಾಡಿ ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು.

"ಎಲ್ಲಿ ಕೊಯ್ಕೊಂಡ್ಯೋ?"